ಮೂರು ಪೆನ್ನು ಸಾಕು: ಓದುವಾಗ, ಪೇಪರ್ ತಿದ್ದುವಾಗ ಬಣ್ಣ ಬಳಸುವ ಕ್ರಮ

ಜನವರಿ ಹೊತ್ತಿಗೆ ಹತ್ತನೇ ತರಗತಿ ಮಕ್ಕಳ ಪಠ್ಯಪುಸ್ತಕ ತೆರೆದು ನೋಡಿ. ಪುಟದ ತುಂಬಾ ಹಳದಿ, ಹಳದಿಯ ಮೇಲೆ ಗುಲಾಬಿ, ಅಂಚಿನಲ್ಲಿ ಹಸಿರು ನಕ್ಷತ್ರ. "ಇದರಲ್ಲಿ ನಿನಗೆ ಬರದೇ ಇರೋದು ಯಾವುದು?" ಅಂತ ಕೇಳಿದರೆ, "ಎಲ್ಲಾ ಇಂಪಾರ್ಟೆಂಟ್ ಸರ್" ಅನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಕೂತ ನಾವೂ ಕಮ್ಮಿ ಇಲ್ಲ. 40 ಪೇಪರ್ ಕೆಂಪು ಮಾಡಿ ಹಂಚುತ್ತೇವೆ. ಮಗು ಮೇಲಿನ ಟೋಟಲ್ ನೋಡಿ, ಮಡಚಿ ಬ್ಯಾಗಿಗೆ ತುರುಕುತ್ತದೆ. ಮುಂದಿನ ಟೆಸ್ಟಿನಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ಇಬ್ಬರೂ ಎಡವುವುದು ಒಂದೇ ಕಡೆ. ಪೆನ್ನು ಮೊದಲು ಕೈಗೆ ಬರುತ್ತದೆ, ಅದರ ಕೆಲಸ ಏನು ಅನ್ನೋ ಯೋಚನೆ ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಕೆಳಗಿನ ಕ್ರಮದಲ್ಲಿ ಮಗುವಿಗೂ ಟೀಚರಿಗೂ ಬಣ್ಣದ ಅರ್ಥ ಒಂದೇ. ಕೆಂಪು ಅಂದರೆ "ಇಲ್ಲಿ ಬರಲಿಲ್ಲ". ಹಸಿರು ಅಂದರೆ "ಈಗ ಬಂತು". ಉಳಿದದ್ದೆಲ್ಲ ನೀಲಿ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ, ಕ್ರಮ ತಪ್ಪಿದರೆ ಮತ್ತೆ ಅದೇ ಹಳದಿ ಪುಟಕ್ಕೆ ಬಂದು ನಿಲ್ಲುತ್ತೀರಿ.

ಬೇಕಾಗುವ ಸಾಮಾನು

ನೀಲಿ, ಕೆಂಪು, ಹಸಿರು ಬಾಲ್ ಪೆನ್ನು ತಲಾ ಒಂದು. ಪೆನ್ಸಿಲ್, ಸ್ಕೇಲು. ಬೇಕೇ ಬೇಕು ಅನ್ನಿಸಿದರೆ ಒಂದು ತಿಳಿ ಹಳದಿ ಹೈಲೈಟರ್. ಎಲ್ಲಾ ಸೇರಿ 100 ರೂಪಾಯಿ ಒಳಗೆ ಮುಗಿಯುತ್ತದೆ. 24 ಬಣ್ಣದ ಸೆಟ್ಟು ಬೇಡ. ಅದನ್ನು ಚಿತ್ರಕ್ಕೆ ಇಟ್ಟುಕೊಳ್ಳಿ.

ಬಾಲ್ ಪೆನ್ನೇ ಯಾಕೆ? ಅದರ ಇಂಕು ಎಣ್ಣೆ ಬೆರೆತದ್ದು. ತೆಳು ಹಾಳೆಯಲ್ಲೂ ಹಿಂದಕ್ಕೆ ಇಳಿಯುವುದಿಲ್ಲ, ಬೇಗ ಒಣಗುತ್ತದೆ. ಜೆಲ್ ಪೆನ್ನಿನದು ನೀರಿನ ಇಂಕು. ನೋಡೋಕೆ ಚೆಂದ, ಆದರೆ ಒಣಗಲು ಕೆಲವು ಸೆಕೆಂಡು ಬೇಕು. ಎಡಗೈಯಲ್ಲಿ ಬರೆಯುವ ಮಕ್ಕಳ ಅಂಗೈಗೆಲ್ಲ ಮೆತ್ತಿಕೊಳ್ಳುತ್ತದೆ. ಸ್ಕೆಚ್ ಪೆನ್ನಂತೂ ಹಾಳೆ ದಾಟಿ ಹಿಂದಿನ ಪುಟದ ಉತ್ತರವನ್ನೂ ಹಾಳು ಮಾಡುತ್ತದೆ.

ನಾನೂ ಒಮ್ಮೆ ಕೆಂಪು ಜೆಲ್ಲಿನಲ್ಲಿ ಒಂದು ಕ್ಲಾಸಿನ ಅಷ್ಟೂ ಪೇಪರ್ ತಿದ್ದಿದ್ದೆ. ಜುಲೈ ಮಳೆ, ಬ್ಯಾಗಿನ ಜಿಪ್ಪು ಪೂರ್ತಿ ಹಾಕಿರಲಿಲ್ಲ. ಬಸ್ಸಿಳಿದು ಸ್ಕೂಲು ಸೇರುವಷ್ಟರಲ್ಲಿ ಮೇಲಿನ ಆರೇಳು ಪೇಪರಿನ ಅಂಕಗಳೆಲ್ಲ ಕುಂಕುಮದ ನೀರಿನ ಹಾಗೆ ಹರಡಿದ್ದವು. ಮಕ್ಕಳ ಬಾಲ್ ಪೆನ್ನಿನ ಉತ್ತರಕ್ಕೆ ಏನೂ ಆಗಿರಲಿಲ್ಲ!

ಉಜ್ಜಿದರೆ ಅಳಿಸಿಹೋಗುವ ಪೆನ್ನುಗಳೂ ಬಂದಿವೆ. ಅವುಗಳಲ್ಲಿ ಹೆಚ್ಚಿನವು ಶಾಖಕ್ಕೆ ಬಣ್ಣ ಕಳೆದುಕೊಳ್ಳುವ ಇಂಕಿನವು. ಉಜ್ಜಿದಾಗ ಆಗುವ ಬಿಸಿಗೆ, ಸುಮಾರು 60 ಡಿಗ್ರಿಗೆ, ಬರೆದದ್ದು ಮಾಯ. ಅಂಕ ಹಾಕಲು ಇವನ್ನು ಮುಟ್ಟಲೇಬೇಡಿ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಕಟ್ಟು ಇಟ್ಟು ಹೋದರೆ ವಾಪಸ್ ಬರುವಾಗ ಬಿಳಿ ಪೇಪರ್ ಸಿಗಬಹುದು.

ಹೊಸ ನೋಟ್‌ಬುಕ್ ಶುರು ಮಾಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಕೊನೆಯ ಪುಟದಲ್ಲಿ ಮೂರೂ ಪೆನ್ನಿನಲ್ಲಿ ಒಂದೊಂದು ಸಾಲು ಬರೆಯಿರಿ. ಹತ್ತು ಎಣಿಸಿ ಬೆರಳಿನಿಂದ ಉಜ್ಜಿ, ಮೇಲೆ ಹೈಲೈಟರ್ ಎಳೆಯಿರಿ, ಹಾಳೆ ತಿರುವಿ ನೋಡಿ. ಕಲೆಸಿದ್ದು, ಹಿಂದೆ ಮೂಡಿದ್ದು ಯಾವುದಿದೆಯೋ ಅದನ್ನು ಬದಲಾಯಿಸಿ. ನೋಟ್ಸನ್ನು ಗೆಳೆಯರಿಗೆ ಜೆರಾಕ್ಸ್ ಮಾಡಿಸಿಕೊಡುವ ಅಭ್ಯಾಸ ಇದ್ದರೆ ತಿಳಿ ಹಳದಿ ಬಿಟ್ಟು ಬೇರೆ ಹೈಲೈಟರ್ ಬೇಡ. ಕಪ್ಪು ಬಿಳುಪು ಜೆರಾಕ್ಸಿನಲ್ಲಿ ಗಾಢ ಬಣ್ಣವೆಲ್ಲ ಬೂದು ಪಟ್ಟಿಯಾಗಿ ಅಕ್ಷರವನ್ನೇ ನುಂಗುತ್ತದೆ.

ಮೊದಲ ಭಾಗ: ಓದುವವರಿಗೆ

ಹಂತ 1: ಯಾವ ಬಣ್ಣಕ್ಕೆ ಏನು ಕೆಲಸ ಅಂತ ಬರೆದಿಡಿ

ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಮೂರೇ ಸಾಲು. ನೀಲಿ: ಪುಸ್ತಕದಲ್ಲಿ ಇರುವುದು, ಟೀಚರ್ ಹೇಳಿದ್ದು. ಕೆಂಪು: ನನಗೆ ನೆನಪಾಗದೇ ಹೋದದ್ದು, ನಾನು ತಪ್ಪು ಬರೆದದ್ದು. ಹಸಿರು: ಇನ್ನೊಂದು ದಿನ ನೋಡದೆ ಬರೆದಾಗ ಸರಿಯಾಗಿ ಬಂದದ್ದು. ಎಲ್ಲಾ ವಿಷಯಕ್ಕೂ ಇದೇ, ವರ್ಷ ಪೂರ್ತಿ ಇದೇ.

ಹೆಚ್ಚಿನವರು ಮಾಡುವ ತಪ್ಪು ಬೇರೆ ಥರದ್ದು. ತಲೆಬರಹಕ್ಕೆ ಒಂದು ಬಣ್ಣ, ವ್ಯಾಖ್ಯೆಗೆ ಒಂದು, ಉದಾಹರಣೆಗೆ ಒಂದು, ಇಸವಿಗೆ ಇನ್ನೊಂದು. ಇದು ಪುಸ್ತಕವನ್ನು ಅಲಂಕಾರ ಮಾಡುತ್ತದೆ ಅಷ್ಟೇ. ಯಾವುದು ವ್ಯಾಖ್ಯೆ ಅಂತ ಪುಸ್ತಕವೇ ದಪ್ಪಕ್ಷರದಲ್ಲಿ ಹೇಳಿರುತ್ತದೆ. ನಿಮಗೆ ಯಾವುದು ಬರಲ್ಲ ಅಂತ ಅದಕ್ಕೆ ಗೊತ್ತಿಲ್ಲ, ಅಲ್ವಾ? ಅದನ್ನು ಹೇಳಬೇಕಾದ್ದು ನಿಮ್ಮ ಬಣ್ಣ.

ಕ್ಲಾಸಿನಲ್ಲಿ ಟೀಚರ್ ಹೇಳುವಾಗ ಬರಿ ನೀಲಿ. ಪೆನ್ನು ಬದಲಾಯಿಸಿ, ಮುಚ್ಚಳ ಹಾಕಿ, ಇನ್ನೊಂದು ಹುಡುಕುವಷ್ಟರಲ್ಲಿ ಮುಂದಿನ ಎರಡು ವಾಕ್ಯ ಕಿವಿಗೆ ಬಿದ್ದಿರುವುದಿಲ್ಲ.

ಹಂತ 2: ಮೊದಲ ಓದಿಗೆ ಪೆನ್ನು ಬೇಡ

ಒಂದು ಉಪಶೀರ್ಷಿಕೆಯಿಂದ ಇನ್ನೊಂದರವರೆಗೆ ಸುಮ್ನೆ ಓದಿ. ಕೈ ಖಾಲಿ ಇರಲಿ. ಎರಡನೇ ಸಲ ಓದುವಾಗ ಪೆನ್ಸಿಲಿನಲ್ಲಿ ಅಂಚಿನಲ್ಲಿ ಸಣ್ಣ ಗೆರೆ ಹಾಕಿ, ಒಂದು ಪುಟಕ್ಕೆ ಮೂರು ಮೀರಬಾರದು.

ಮೊದಲ ಓದಿನಲ್ಲಿ ಎಲ್ಲವೂ ಹೊಸದು, ಹಾಗಾಗಿ ಎಲ್ಲವೂ ಮುಖ್ಯ ಅನ್ನಿಸುತ್ತದೆ. ಒಂದೇ ಥರದ ಸಂಗತಿಗಳ ನಡುವೆ ಬೇರೆಯಾಗಿ ಕಾಣುವುದು ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ ಅಂತ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಎಂಬ ಜರ್ಮನ್ ಮನೋವಿಜ್ಞಾನಿ 1933ರಲ್ಲೇ ತೋರಿಸಿದ್ದರು. ಪುಟವೆಲ್ಲ ಹಳದಿ ಬಳಿದರೆ ಏನಾಗುತ್ತದೆ? ಬಿಳಿಯಾಗಿ ಉಳಿದ ಸಾಲೇ ಎದ್ದು ಕಾಣುತ್ತದೆ.

ಹಂತ 3: ಪುಸ್ತಕ ಮುಚ್ಚಿ ಬರೆಯಿರಿ, ಆಮೇಲೆ ಕೆಂಪು

ಈ ಹಂತ ಬಿಟ್ಟರೆ ಉಳಿದ ಹಂತಗಳಿಂದ ಏನೂ ಪ್ರಯೋಜನ ಇಲ್ಲ. ಜನ ಬಿಡುವುದೂ ಇದನ್ನೇ, ಯಾಕೆಂದರೆ ಇದೊಂದೇ ಸ್ವಲ್ಪ ಕಷ್ಟ ಕೊಡೋದು.

ರಫ್ ಹಾಳೆ ತಗೊಳ್ಳಿ. ಪುಸ್ತಕ ಮುಚ್ಚಿ, ಕೈಗೆ ಸಿಗದಷ್ಟು ದೂರ ಇಡಿ. ಓದಿದ್ದನ್ನು ನೀಲಿಯಲ್ಲಿ ಬರೆಯಿರಿ. ಬರದಿದ್ದ ಕಡೆ ಖಾಲಿ ಜಾಗ ಬಿಟ್ಟು ಮುಂದೆ ಹೋಗಿ. ಪೂರ್ತಿ ಮುಗಿದ ಮೇಲೆ ಪುಸ್ತಕ ತೆರೆದು ಹೋಲಿಸಿ. ತಪ್ಪಿದ ಜಾಗಕ್ಕೆ, ಬಿಟ್ಟುಹೋದ ಜಾಗಕ್ಕೆ ಮಾತ್ರ ಕೆಂಪು.

ಆಂಗ್ಲೋ-ಮೈಸೂರು ಯುದ್ಧಗಳನ್ನೇ ತಗೊಳ್ಳಿ. ಒಬ್ಬ ಹುಡುಗಿ ನೋಡದೆ ಬರೆದಳು: 1767ರಿಂದ 69, ಮದ್ರಾಸ್ ಒಪ್ಪಂದ. 1780ರಿಂದ 84, ಶ್ರೀರಂಗಪಟ್ಟಣ ಒಪ್ಪಂದ. 1790ರಿಂದ 92, ಮಂಗಳೂರು ಒಪ್ಪಂದ. 1799, ಟಿಪ್ಪು ಸಾವು. ಇಸವಿಗಳೆಲ್ಲ ಸರಿ. ಅದಲುಬದಲಾದದ್ದು ಎರಡು ಊರಿನ ಹೆಸರು. 1784ರದು ಮಂಗಳೂರು, 1792ರದು ಶ್ರೀರಂಗಪಟ್ಟಣ. ಅವಳ ಹಾಳೆಯಲ್ಲಿ ಕೆಂಪು ಬಿದ್ದದ್ದು ಆ ಎರಡು ಹೆಸರಿನ ಕೆಳಗೆ ಮಾತ್ರ. ಅವಳದೇ ಪಠ್ಯಪುಸ್ತಕದಲ್ಲಿ ಅದೇ ಪಾಠ ಎರಡು ಪುಟ ಹಳದಿಯಾಗಿತ್ತು. ಆ ಹಳದಿಯನ್ನು ಎಷ್ಟು ಸಲ ಓದಿದ್ದರೂ ಈ ಅದಲುಬದಲು ಅವಳಿಗೆ ಕಾಣುತ್ತಿರಲಿಲ್ಲ. ಓದುವಾಗ ಎಲ್ಲವೂ ಗೊತ್ತಿರುವ ಹಾಗೇ ಅನ್ನಿಸುತ್ತದೆ.

ಅಮೆರಿಕದ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದ್ದರು. ಅಡಿಗೆರೆ, ಹೈಲೈಟರ್ ಎರಡೂ ಕಮ್ಮಿ ಉಪಯೋಗದ ಸಾಲಿಗೆ ಬಿದ್ದವು. ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವುದು, ನಡುವೆ ದಿನಗಳ ಅಂತರ ಬಿಟ್ಟು ಮತ್ತೆ ಮತ್ತೆ ಓದುವುದು ಮೇಲಿನ ಸಾಲಿನಲ್ಲಿದ್ದವು. ಈ ಹಂತ ಮತ್ತು ಮುಂದಿನ ಹಂತ ಆ ಎರಡನ್ನೇ ಪೆನ್ನಿಗೆ ಕಟ್ಟಿದ್ದು.

ಎರಡು ಎಚ್ಚರಿಕೆ. ತಪ್ಪಿಗೆ ವೈಟ್ನರ್ ಬಳಿಯಬೇಡಿ. ತಪ್ಪೂ ಕಾಣಬೇಕು, ಪಕ್ಕದಲ್ಲಿ ಸರಿಯಾದದ್ದೂ ಕಾಣಬೇಕು. ಇನ್ನೊಂದು, ಕದ್ದು ನೋಡಿ ಬರೆದರೆ ಹಾಳೆಯಲ್ಲಿ ಕೆಂಪೇ ಇರುವುದಿಲ್ಲ. ಕಲಿಯುವ ಮೊದಲ ವಾರದಲ್ಲಿ ಕೆಂಪೇ ಇಲ್ಲದ ಹಾಳೆ ಸಿಕ್ಕರೆ ಅಪ್ಪ ಅಮ್ಮ ಖುಷಿಪಡುವ ಮುಂಚೆ ಪುಸ್ತಕ ಎಲ್ಲಿತ್ತು ಅಂತ ಒಮ್ಮೆ ವಿಚಾರಿಸಿ.

ಹಂತ 4: ದಿನ ಬಿಟ್ಟು ವಾಪಸ್ ಬನ್ನಿ, ಈಗ ಹಸಿರು

ಮಾರನೇ ದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ವಾರದ ಮೇಲೆ ಒಮ್ಮೆ. ಪೂರ್ತಿ ಪಾಠ ಓದಬೇಡಿ. ಕೆಂಪು ಬಿದ್ದ ಸಂಗತಿ ಮಾತ್ರ ನೋಡದೆ ಹೇಳಿ ಅಥವಾ ಬರೆಯಿರಿ. ಸರಿ ಬಂದರೆ ಕೆಂಪಿನ ಪಕ್ಕ ಒಂದು ಹಸಿರು ಚುಕ್ಕೆ. ಬೇರೆ ಬೇರೆ ದಿನ ಎರಡು ಚುಕ್ಕೆ ಬಿದ್ದರೆ ಅದು ಮುಗಿಯಿತು.

ಅದೇ ಸಂಜೆ ಎರಡು ಚುಕ್ಕೆ ಹಾಕಿಕೊಳ್ಳುವುದು ಲೆಕ್ಕಕ್ಕಿಲ್ಲ. ಹತ್ತು ನಿಮಿಷದ ಹಿಂದೆ ನೋಡಿದ್ದು ಯಾರಿಗೆ ತಾನೇ ನೆನಪಿರಲ್ಲ! ಪರೀಕ್ಷೆಯ ಹಿಂದಿನ ರಾತ್ರಿ ಹಸಿರಿಲ್ಲದ ಕೆಂಪನ್ನಷ್ಟೇ ನೋಡಿದರೆ ಸಾಕು.

ಹಂತ 5: ವಿಷಯಕ್ಕೆ ತಕ್ಕ ಹಾಗೆ ಕೆಂಪು ಎಲ್ಲಿ ಬೀಳಬೇಕು

ಕನ್ನಡ ವ್ಯಾಕರಣದಲ್ಲಿ ಪದ ಪೂರ್ತಿ ಬಣ್ಣ ಬಳಿಯಬೇಡಿ, ಬದಲಾದ ಅಕ್ಷರಕ್ಕೆ ಮಾತ್ರ. ಮನೆ + ಅನ್ನು = ಮನೆಯನ್ನು. ಇಲ್ಲಿ ಹೊಸದಾಗಿ ಬಂದದ್ದು ಯಕಾರ, ಅದಕ್ಕೆ ಮಾತ್ರ ಸುತ್ತು ಹಾಕಿ, ಆಗಮ ಸಂಧಿ. ಮಳೆ + ಕಾಲ = ಮಳೆಗಾಲ. ಕಕಾರ ಹೋಗಿ ಗಕಾರ ಬಂತು, 'ಗಾ' ಮೇಲೆ ಸುತ್ತು, ಆದೇಶ ಸಂಧಿ. ಊರು + ಇಂದ = ಊರಿಂದ. ಇಲ್ಲಿ ಸುತ್ತು ಹಾಕಲು ಏನೂ ಉಳಿದಿಲ್ಲ, ಉಕಾರ ಬಿಟ್ಟುಹೋಗಿದೆ, ಲೋಪ ಸಂಧಿ. ಸುತ್ತು ಹಾಕಲು ಅಕ್ಷರ ಹುಡುಕುವಾಗಲೇ ಯಾವ ಸಂಧಿ ಅಂತ ಗೊತ್ತಾಗಿಬಿಡುತ್ತದೆ.

ಗಣಿತದಲ್ಲಿ ಲೆಕ್ಕ ಪೂರ್ತಿ ಅಡಿಗೆರೆ ಎಳೆದು ಫಲವಿಲ್ಲ. ಎಲ್ಲಿಂದ ದಾರಿ ತಪ್ಪಿತೋ ಆ ಒಂದು ಹೆಜ್ಜೆಗೆ ಕೆಂಪು. ವರ್ಗಸಮೀಕರಣದ ಸೂತ್ರದಲ್ಲಿ ಮೈನಸ್ 5ರ ಹಿಂದೆ ಇನ್ನೊಂದು ಮೈನಸ್ ಬಂದಾಗ ಪ್ಲಸ್ 5 ಆಗಬೇಕು. ಹೆಚ್ಚಿನವರು ಮೈನಸ್ಸನ್ನೇ ಉಳಿಸುತ್ತಾರೆ. ಕೆಂಪು ಬೀಳಬೇಕಾದ್ದು ಆ ಚಿಹ್ನೆಗೆ, ಕೊನೆಯ ಉತ್ತರಕ್ಕಲ್ಲ.

ವಿಜ್ಞಾನದ ಚಿತ್ರಗಳಲ್ಲಿ ಬಣ್ಣಕ್ಕೆ ಮೊದಲೇ ಅರ್ಥ ಇದೆ. ಹೃದಯದ ಚಿತ್ರದಲ್ಲಿ ಆಮ್ಲಜನಕ ತುಂಬಿದ ರಕ್ತಕ್ಕೆ ಕೆಂಪು, ಕಮ್ಮಿ ಇರುವುದಕ್ಕೆ ನೀಲಿ. ಇಲ್ಲಿ ಪೆನ್ನು ಬದಿಗಿಟ್ಟು ಬಣ್ಣದ ಪೆನ್ಸಿಲ್ ತಗೊಳ್ಳಿ, ಎರಡು ಅರ್ಥ ಕಲೆಸಬಾರದು. "ಅಪಧಮನಿ ಅಂದರೆ ಕೆಂಪು" ಅಂತ ಬಾಯಿಪಾಠ ಮಾಡಿದವರು ಒಂದು ಕಡೆ ತಪ್ಪದೆ ಬೀಳುತ್ತಾರೆ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಗೆ ನೀಲಿ ಬರಬೇಕು. ಅಲ್ಲಿಂದ ಎಡ ಹೃತ್ಕರ್ಣಕ್ಕೆ ವಾಪಸ್ ಬರುವ ಅಭಿಧಮನಿಗೆ ಕೆಂಪು. ಬಣ್ಣ ಹೇಳುವುದು ಒಳಗಿನ ರಕ್ತವನ್ನು, ನಾಳದ ಹೆಸರನ್ನಲ್ಲ.

ಹಂತ 6: ಪರೀಕ್ಷೆಗೆ ಎರಡು ವಾರ ಇರುವಾಗ ಬಣ್ಣ ಬಿಡಿ

ಬೋರ್ಡ್ ಪರೀಕ್ಷೆಯಲ್ಲಿ ನೀಲಿ ಅಥವಾ ಕಪ್ಪು, ಚಿತ್ರಕ್ಕೆ ಪೆನ್ಸಿಲ್. ಕೆಂಪು, ಹಸಿರು ಒಯ್ಯಲೇಬೇಡಿ, ಅವು ತಿದ್ದುವವರ ಬಣ್ಣ. ಅಭ್ಯಾಸ ಪತ್ರಿಕೆಗಳನ್ನೂ ಹೀಗೇ ಬರೆಯಿರಿ. ಬಣ್ಣವಿಲ್ಲದೆ ಹೃದಯ ಬರೆದು ಭಾಗ ಗುರುತಿಸಲು ಕೈ ಪಳಗಬೇಕು.

ಎರಡನೇ ಭಾಗ: ತಿದ್ದುವವರಿಗೆ

ಹಂತ 1: ಕೆಂಪು ಪೆನ್ನಿನ ಮುಚ್ಚಳ ತೆಗೆಯುವ ಮುಂಚೆ

ಪ್ರತಿ ಪ್ರಶ್ನೆಗೆ ಯಾವ ಅಂಶಕ್ಕೆ ಎಷ್ಟು ಅಂಕ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಕಟ್ಟಿನ ಮಧ್ಯದಿಂದ ಐದು ಪೇಪರ್ ಎಳೆದು ಪೆನ್ಸಿಲಿನಲ್ಲಿ ಅಂಕ ಹಾಕಿ ನೋಡಿ. ನೀವು ಊಹಿಸದ ಸರಿ ಉತ್ತರ ಯಾರಾದರೂ ಬರೆದಿರುತ್ತಾರೆ. ಚೀಟಿ ತಿದ್ದಿಕೊಂಡ ಮೇಲೆ ಕೆಂಪು. ಇಲ್ಲದಿದ್ದರೆ ಇಪ್ಪತ್ತನೇ ಪೇಪರಿಗೆ ಬಂದಾಗ ಮನಸ್ಸು ಬದಲಾಗಿ, ಮೊದಲ ಹತ್ತೊಂಬತ್ತರಲ್ಲಿ ಕಾಟು ಹೊಡೆಯುತ್ತಾ ಕೂರಬೇಕಾಗುತ್ತದೆ.

ಹಂತ 2: ಒಂದೇ ಪ್ರಶ್ನೆ, ಅಷ್ಟೂ ಪೇಪರ್

ಒಬ್ಬರ ಪೇಪರ್ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಬೇಡಿ. ಎಲ್ಲರ ಮೊದಲ ಪ್ರಶ್ನೆ, ಆಮೇಲೆ ಎಲ್ಲರ ಎರಡನೇದು. ಅಳತೆ ಒಂದೇ ಇರುತ್ತದೆ, ಚೀಟಿ ನೋಡುವ ಅಗತ್ಯವೂ ಬೇಗ ತಪ್ಪುತ್ತದೆ. ಮೊದಲ ಉತ್ತರ ಚೆನ್ನಾಗಿದ್ದರೆ ಉಳಿದವಕ್ಕೂ ಕೈ ಸಡಿಲವಾಗುವ ಅಭ್ಯಾಸವೂ ಇದರಿಂದ ಕಮ್ಮಿ ಆಗುತ್ತದೆ.

ಹಂತ 3: ತಪ್ಪು ತೋರಿಸಿ, ತಿದ್ದಿ ಕೊಡಬೇಡಿ

ಮಗು 'ವಿಧ್ಯಾರ್ಥಿ' ಅಂತ ಬರೆದಿದೆ. ನೀವು ಹೊಡೆದು ಮೇಲೆ 'ವಿದ್ಯಾರ್ಥಿ' ಅಂತ ಬರೆದರೆ ಅಲ್ಲಿಗೆ ಕೆಲಸ ಮಾಡಿದ್ದು ನೀವು, ಕಲಿತದ್ದು ಯಾರೂ ಇಲ್ಲ. ಬದಲಿಗೆ ಪದದ ಕೆಳಗೆ ಸಣ್ಣ ಗೆರೆ, ಅಂಚಿನಲ್ಲಿ ಒಂದು ಅಕ್ಷರ. ನಾನು ಇಟ್ಟುಕೊಂಡದ್ದು ನಾಲ್ಕೇ. 'ಕಾ' ಅಂದರೆ ಕಾಗುಣಿತ ನೋಡು, 'ಒ' ಅಂದರೆ ಒತ್ತಕ್ಷರ, 'ವಾ' ಅಂದರೆ ವಾಕ್ಯ ಮುರಿದಿದೆ, ಪ್ರಶ್ನಾರ್ಥಕ ಚಿಹ್ನೆ ಅಂದರೆ ನನಗೆ ಅರ್ಥ ಆಗಲಿಲ್ಲ. ಇದನ್ನು ಕ್ಲಾಸಿನ ಗೋಡೆಗೆ ಅಂಟಿಸಿ.

ಎಲ್ಲಾ ತಪ್ಪಿಗೂ ಗೆರೆ ಹಾಕಬೇಡಿ. ಒಂದು ಟೆಸ್ಟಿಗೆ ಒಂದೋ ಎರಡೋ ಬಗೆಯ ತಪ್ಪು ಆರಿಸಿಕೊಳ್ಳಿ. ನಮ್ಮ ಕಡೆ ಅಕಾರ ಹಕಾರದ ಗೊಂದಲ ಜಾಸ್ತಿ. 'ಆಡು' ಬರೆಯಬೇಕಾದಲ್ಲಿ 'ಹಾಡು', 'ಹಾಲು' ಬರೆಯಬೇಕಾದಲ್ಲಿ 'ಆಲು'. ಈ ಸಲ ಇದಕ್ಕೆ ಮಾತ್ರ ಕೆಂಪು ಅಂತ ಮೊದಲೇ ಹೇಳಿ. ಹತ್ತು ಬಗೆಯ ತಪ್ಪಿಗೆ ಗೆರೆ ಎಳೆದ ಹಾಳೆಯನ್ನು ಮಗು ಓದುವುದಿಲ್ಲ, ಮುಚ್ಚಿಡುತ್ತದೆ.

ಹಂತ 4: ಮೊದಲು ಮಾತು, ಆಮೇಲೆ ಅಂಕ

ಕಿರುಪರೀಕ್ಷೆಗಳಲ್ಲಿ ಇದನ್ನು ಮಾಡಬಹುದು. ಪೇಪರ್ ಕೊಡುವಾಗ ಅಂಕ ನಿಮ್ಮ ರಿಜಿಸ್ಟರಿನಲ್ಲೇ ಇರಲಿ, ಹಾಳೆಯ ಮೇಲೆ ಗೆರೆ ಮತ್ತು ಒಂದು ಸಾಲಿನ ಸೂಚನೆ ಮಾತ್ರ. ಅಂಕ ಮಾರನೇ ದಿನ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರಿ ಸೂಚನೆ ಸಿಕ್ಕ ಮಕ್ಕಳು ಮುಂದೆ ಚೆನ್ನಾಗಿ ಮಾಡಿದರು. ಅಂಕವನ್ನೂ ಸೂಚನೆಯನ್ನೂ ಒಟ್ಟಿಗೆ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡರೆ ಕಣ್ಣು ಬೇರೆ ಕಡೆ ಹೋಗುವುದಿಲ್ಲ, ದೊಡ್ಡವರಿಗೂ ಅಷ್ಟೇ.

ಸೂಚನೆ ಅಂದರೆ "ಇನ್ನೂ ಚೆನ್ನಾಗಿ ಬರಿ" ಅಲ್ಲ. ಅದನ್ನು ಓದಿ ಮಗು ಏನು ಮಾಡಬೇಕು? "ಎರಡನೇ ಪ್ಯಾರಾದಲ್ಲಿ ಕಾರಣ ಇಲ್ಲ, ಒಂದು ಕಾರಣ ಸೇರಿಸು ಪುಟ್ಟ" ಅಂದರೆ ಪೆನ್ನು ತಗೊಂಡು ಕೂರಬಹುದು.

ಹಂತ 5: ಮಗುವಿನ ಕೈಗೆ ಹಸಿರು ಕೊಡಿ

ಪೇಪರ್ ಹಂಚಿದ ಪೀರಿಯಡ್ಡಿನಲ್ಲೇ 15 ನಿಮಿಷ ಇದಕ್ಕೆ ಎತ್ತಿಡಿ. ಕೆಂಪು ಗೆರೆ ಬಿದ್ದ ಕಡೆಯೆಲ್ಲ ಮಗು ಹಸಿರಿನಲ್ಲಿ ತಿದ್ದಿ ಬರೆಯಬೇಕು. ಪಕ್ಕದವರನ್ನು ಕೇಳಲಿ, ಪುಸ್ತಕ ನೋಡಲಿ, ಪರವಾಗಿಲ್ಲ. ಹಸಿರು ಬಿದ್ದ ಮೇಲೇ ನಿಮ್ಮ ಸಹಿ. ಮನೆಗೆ ಕಳಿಸಿ ಮಾಡಿಸುತ್ತೇನೆ ಅಂದರೆ ಅರ್ಧ ಹಾಳೆ ವಾಪಸ್ ಬರುವುದಿಲ್ಲ. ಬಂದರೂ ತಿದ್ದಿದವರು ಅಮ್ಮನೋ ಅಕ್ಕನೋ ಆಗಿರುತ್ತಾರೆ.

ಕೆಲವು ಶಾಲೆಗಳಲ್ಲಿ ಹೆಡ್ ಮಾಸ್ಟರ್ ಸಹಿ ಹಸಿರಿನಲ್ಲಿ ಇರುತ್ತದೆ. ಅಲ್ಲಿ ಮಕ್ಕಳಿಗೆ ನೇರಳೆ ಕೊಡಿ, ಸುಮ್ನೆ ತಕರಾರು ಯಾಕೆ.

ಹಂತ 6: ಅಂಕ, ಟೋಟಲ್

ಅಂಕ ಎಡ ಅಂಚಿನಲ್ಲಿ, ಸುತ್ತು ಹಾಕಿ. ಅರ್ಧ ಅಂಕವನ್ನು ½ ಅಂತಲೇ ಬರೆಯಿರಿ, ಚುಕ್ಕೆ ಇಟ್ಟು ಬರೆದರೆ ಕೂಡುವಾಗ ಕಣ್ಣು ತಪ್ಪುತ್ತದೆ. ಖಾಲಿ ಪುಟಕ್ಕೂ ಒಂದು ಓರೆ ಗೆರೆ ಎಳೆಯಿರಿ, ನೋಡಿದ್ದೇನೆ ಅನ್ನೋಕೆ ಅದೇ ಗುರುತು. ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಕೂಡಿ. ಅಂಕ ಬದಲಾಯಿಸಿದರೆ ಹಳೆಯದಕ್ಕೆ ಒಂದೇ ಗೆರೆ, ಪಕ್ಕದಲ್ಲಿ ಹೊಸದು, ಚಿಕ್ಕ ಸಹಿ. ತಿದ್ದಿ ಬರೆದು 3 ಅನ್ನು 8 ಮಾಡಬೇಡಿ.

ಕೆಂಪು ಹಸಿರು ಬೇರೆಯಾಗಿ ಕಾಣದ ಮಕ್ಕಳು

ದೊಡ್ಡ ಕ್ಲಾಸಿನಲ್ಲಿ ಒಬ್ಬಿಬ್ಬರು ಇರಬಹುದು, ಹೆಚ್ಚಾಗಿ ಗಂಡುಮಕ್ಕಳು, ಯಾಕೆಂದರೆ ಇದರ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಎಷ್ಟೋ ಸಲ ಆ ಮಗುವಿಗೇ ಗೊತ್ತಿರುವುದಿಲ್ಲ. ಹಾಗಾಗಿ ಬಣ್ಣದ ಜೊತೆ ಆಕಾರವೂ ಬೇರೆ ಇರಲಿ. ಕೆಂಪು ಯಾವಾಗಲೂ ಗೆರೆ ಅಥವಾ ಸುತ್ತು, ಹಸಿರು ಯಾವಾಗಲೂ ಚುಕ್ಕೆ ಅಥವಾ ಸುತ್ತಲೂ ಚೌಕ. ಜೆರಾಕ್ಸಿನಲ್ಲೂ ಇದು ಉಳಿಯುತ್ತದೆ. ಅಂದ ಹಾಗೆ, ಹಸಿರು ಬೋರ್ಡಿನ ಮೇಲೆ ಕೆಂಪು ಚಾಕ್‌ಪೀಸಿನಲ್ಲಿ ಬರೆಯುವುದನ್ನು ಬಿಡಿ. ಕೊನೆಯ ಬೆಂಚಿಗೆ ಅದು ಯಾರಿಗೂ ಸರಿಯಾಗಿ ಕಾಣಲ್ಲ.

ದಾರಿ ತಪ್ಪುತ್ತಿದೆ ಅನ್ನೋ ಗುರುತುಗಳು

ಒಂದು ಪುಟಕ್ಕೆ ಬಣ್ಣ ಹಾಕಲು ಓದಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿದ್ದರೆ ಹಂತ 1ಕ್ಕೆ ವಾಪಸ್ ಹೋಗಿ. ಪುಟದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಂಪಿದ್ದರೆ ಪಾಠ ಇನ್ನೂ ಅರ್ಥ ಆಗಿಲ್ಲ. ಪೆನ್ನು ಬಿಟ್ಟು ಟೀಚರನ್ನು ಕೇಳಿ. ತಿದ್ದುವವರಿಗೆ ಒಂದು ಪೇಪರ್ ಐದು ನಿಮಿಷ ದಾಟುತ್ತಿದ್ದರೆ 40 ಪೇಪರಿಗೆ ಮೂರು ಗಂಟೆ ಮೀರುತ್ತದೆ. ಎಲ್ಲೋ ಮಗುವಿನ ಕೆಲಸ ನೀವು ಮಾಡುತ್ತಿದ್ದೀರಿ, ಹಂತ 3 ನೋಡಿ.

ಇನ್ನೊಂದು ಗುರುತು ರೀಫಿಲ್ಲಿನಲ್ಲೇ ಇದೆ. ದಸರಾ ರಜೆ ಶುರುವಾದ ದಿನ ಮೂರೂ ಪೆನ್ನು ಬೆಳಕಿಗೆ ಹಿಡಿದು ನೋಡಿ. ನೀಲಿ ಎರಡನೇದೋ ಮೂರನೇದೋ ನಡೆಯುತ್ತಿರಬೇಕು. ಕೆಂಪು ಅರ್ಧ ಇಳಿದಿರಬೇಕು. ಹಸಿರು ಅಂಗಡಿಯಿಂದ ತಂದ ದಿನದಷ್ಟೇ ತುಂಬಿದ್ದರೆ, ರಜೆಯ ಮೊದಲ ಬೆಳಿಗ್ಗೆ ಹಳೇ ಹಾಳೆಗಳನ್ನು ತೆಗೆದು ಜೂನ್ ತಿಂಗಳ ಕೆಂಪಿನಿಂದ ಶುರು ಮಾಡಿ.